ಮುಚ್ಚಳ ಹಾಕಿದ ಮೇಲೆ: ಮನೆಯ ಬಿಯರ್ ಬಾಟಲಿಯಲ್ಲಿ ಮಾಗುವ ಬಗೆ

ಮನೆಯಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿ ಕೈಗೆ ಅತ್ಯಂತ ಕಡಿಮೆ ಶ್ರಮ ಕೊಡುವ ಹಂತವೆಂದರೆ ಬಾಟಲಿಗೆ ಮುಚ್ಚಳ ಬಿಗಿದ ಮೇಲೆ ಕಾಯುವುದು. ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಅದೇ ಹಂತದ ಬಗ್ಗೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೆಯುವುದು, ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂಗಳನ್ನು ಹಾಕಿ ಕುದಿಸುವುದು, ತಣಿಸಿ ಯೀಸ್ಟ್ ಬೆರೆಸುವುದು ಇವೆಲ್ಲ ಒಂದು ದಿನದಲ್ಲಿ ಮುಗಿಯುತ್ತವೆ. ದೊಡ್ಡ ಪಾತ್ರೆಯಲ್ಲಿ ನಡೆಯುವ ಮೊದಲ ಹುದುಗುವಿಕೆಗೆ ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಆ ಬಳಿಕ ತುಸು ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿದ ಬಿಯರನ್ನು ಎಷ್ಟು ದಿನ ಇಡಬೇಕು ಎಂದು ಕೇಳಿದರೆ ‘ಎರಡರಿಂದ ಮೂರು ವಾರ’ ಎಂಬ ಉತ್ತರವೇ ಎಲ್ಲೆಡೆ ಸಿಗುತ್ತದೆ. ಆ ಉತ್ತರ ತಪ್ಪಲ್ಲ. ಆದರೆ ಸಾಧಾರಣ ಮದ್ಯಾಂಶವಿರುವ, ಬೆಚ್ಚನೆಯ ಉಷ್ಣಾಂಶದಲ್ಲಿ ಹುದುಗುವ ಏಲ್ ಬಗೆಯ ಬಿಯರನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಾಗ ಮಾತ್ರ ಅದು ಹೊಂದುತ್ತದೆ. ಬಾಟಲಿಯೊಳಗೆ ಹಲವು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ ಮತ್ತು ಅವು ಒಂದೇ ವೇಗದಲ್ಲಿ ಸಾಗುವುದಿಲ್ಲ. ಅವನ್ನು ಬಿಡಿಬಿಡಿಯಾಗಿ ಅರಿತುಕೊಂಡರೆ ತಮ್ಮ ಬಿಯರಿಗೆ ಎಷ್ಟು ಕಾಲ ಬೇಕು ಎಂಬುದನ್ನು ಯಾರಾದರೂ ತಾವೇ ನಿರ್ಧರಿಸಬಹುದು.

ಈ ಹವ್ಯಾಸ ಇಂದಿನ ರೂಪದಲ್ಲಿ ಹರಡಿದ್ದು ಮುಖ್ಯವಾಗಿ ಬ್ರಿಟನ್ ಮತ್ತು ಅಮೆರಿಕದಲ್ಲಿ. ಮನೆಬಳಕೆಯ ಬಿಯರಿಗೂ ಪರವಾನಗಿ ಬೇಕೆಂಬ ನಿಯಮವನ್ನು ಬ್ರಿಟನ್ನಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅವರು 1963ರ ಬಜೆಟ್ಟಿನಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಒಬ್ಬ ವಯಸ್ಕರಿಗೆ ವರ್ಷಕ್ಕೆ 100 ಗ್ಯಾಲನ್‌ವರೆಗೆ, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್‌ವರೆಗೆ ಸ್ವಂತ ಬಳಕೆಯ ಬಿಯರನ್ನು ಕೇಂದ್ರದ ತೆರಿಗೆಯಿಲ್ಲದೆ ತಯಾರಿಸಿಕೊಳ್ಳಲು ಅವಕಾಶ ಕೊಟ್ಟಿತು. ಆದರೂ ಎಲ್ಲ ರಾಜ್ಯಗಳೂ ಅದನ್ನು ಒಪ್ಪಿಕೊಳ್ಳಲು 2013ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿನ ಲೆಕ್ಕಗಳು ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ನೆಲೆಸಿ ಈ ಹವ್ಯಾಸ ಹಿಡಿದಿರುವ ಕನ್ನಡಿಗರಿಗೆ ನೇರವಾಗಿ ಉಪಯೋಗವಾಗುತ್ತವೆ. ಬಾಟಲಿಯ ತಳದಲ್ಲಿ ಗಸಿ ಕಂಡು ಬಿಯರ್ ಕೆಟ್ಟಿದೆಯೇ ಎಂದು ಅನುಮಾನಿಸಿದ ಉಳಿದವರಿಗೆ ಅದರ ಕಾರಣ ತಿಳಿಯುತ್ತದೆ.

ದೊಡ್ಡ ಕಾರ್ಖಾನೆಗಳ ಬಿಯರಿನಲ್ಲಿ ಯೀಸ್ಟನ್ನು ಸೋಸಿ ತೆಗೆದು, ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ಬೆರೆಸಿ ತುಂಬುವುದು ವಾಡಿಕೆ. ಮನೆಯಲ್ಲಿ ತಯಾರಿಸುವವರು ಅದೇ ಅನಿಲವನ್ನು ಬಾಟಲಿಯೊಳಗೇ ಹುಟ್ಟಿಸುತ್ತಾರೆ. ಮೊದಲ ಹುದುಗುವಿಕೆ ಮುಗಿದು ಮೇಲ್ನೋಟಕ್ಕೆ ತಿಳಿಯಾದ ಬಿಯರಿನಲ್ಲಿಯೂ ಜೀವಂತ ಯೀಸ್ಟ್ ಕಣಗಳು ತೇಲುತ್ತಿರುತ್ತವೆ. ಒಂದು ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಕಣಗಳಿದ್ದರೆ ಮುಂದಿನ ಕೆಲಸಕ್ಕೆ ಸಾಕು. ತಿನ್ನಲು ಏನೂ ಉಳಿಯದೆ ಸುಮ್ಮನಾಗಿರುವ ಅವಕ್ಕೆ ಅಳೆದು ತೂಗಿದ ಸಕ್ಕರೆಯನ್ನು ಕೊಟ್ಟರೆ ಅವು ಅದನ್ನು ಮದ್ಯಸಾರವಾಗಿಯೂ ಅನಿಲವಾಗಿಯೂ ಒಡೆಯುತ್ತವೆ. ಪಾತ್ರೆಯಲ್ಲಿದ್ದಾಗ ಹೊರಹೋಗುತ್ತಿದ್ದ ಅನಿಲಕ್ಕೆ ಈಗ ದಾರಿಯಿಲ್ಲ. ಅದು ಬಿಯರಿನಲ್ಲೇ ಕರಗುತ್ತದೆ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ 1862ರಲ್ಲಿ ಆರಂಭವಾದ ಕೂಪರ್ಸ್ ಮತ್ತು ಕ್ಯಾಲಿಫೋರ್ನಿಯದ ಚಿಕೋ ಊರಿನಲ್ಲಿ 1980ರಲ್ಲಿ ಮೊದಲ ಬಿಯರ್ ಕಾಯಿಸಿದ ಸಿಯೆರಾ ನೆವಾಡ ಸಂಸ್ಥೆಗಳು ವಾಣಿಜ್ಯ ಮಟ್ಟದಲ್ಲಿಯೂ ಇದೇ ಕ್ರಮವನ್ನು ಉಳಿಸಿಕೊಂಡು ಬಂದಿವೆ. ಆದ್ದರಿಂದ ಇದನ್ನು ಉಪಕರಣವಿಲ್ಲದವರ ಅನಿವಾರ್ಯ ಮಾರ್ಗವೆಂದು ನೋಡುವುದು ಸರಿಯಲ್ಲ.

ಎಷ್ಟು ಸಕ್ಕರೆ ಎಂಬುದೇ ಇಲ್ಲಿನ ಮೊದಲ ಲೆಕ್ಕ. ಬಿಯರಿನಲ್ಲಿ ಕರಗಿದ ಅನಿಲವನ್ನು ‘ವಾಲ್ಯೂಮ್’ ಎಂಬ ಅಳತೆಯಲ್ಲಿ ಹೇಳುವುದು ರೂಢಿ: ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರಿನಷ್ಟು ಅನಿಲ ಕರಗಿದ್ದರೆ ಅದು ಒಂದು ವಾಲ್ಯೂಮ್, ತೂಕದಲ್ಲಿ ಸುಮಾರು 2 ಗ್ರಾಂ. ಇಂಗ್ಲೆಂಡಿನ ಸಾಂಪ್ರದಾಯಿಕ ಏಲ್‌ಗಳಲ್ಲಿ ಇದು ಒಂದೂವರೆಯಿಂದ ಎರಡರವರೆಗೆ, ಅಮೆರಿಕದ ಪೇಲ್ ಏಲ್‌ಗಳಲ್ಲಿ ಎರಡೂವರೆಯ ಆಸುಪಾಸಿನಲ್ಲಿ ಇರುತ್ತದೆ. ಜರ್ಮನಿಯ ಗೋಧಿ ಬಿಯರಿನಲ್ಲಿ ಮೂರನ್ನು ದಾಟುತ್ತದೆ. ಸಾಮಾನ್ಯ ಸಕ್ಕರೆಯ ಒಂದು ಗ್ರಾಮಿನಿಂದ ಅರ್ಧ ಗ್ರಾಮಿನಷ್ಟು ಅನಿಲ ಬರುವುದರಿಂದ, ಲೀಟರಿಗೆ ಒಂದು ವಾಲ್ಯೂಮ್ ಏರಿಸಲು ಸುಮಾರು 4 ಗ್ರಾಂ ಸಕ್ಕರೆ ಬೇಕು. ಆದರೆ ಹುದುಗಿ ಮುಗಿದ ಬಿಯರಿನಲ್ಲಿ ಮೊದಲೇ ಸ್ವಲ್ಪ ಅನಿಲ ಉಳಿದಿರುತ್ತದೆ: 20 ಡಿಗ್ರಿಯಲ್ಲಿ ಅದು ಸುಮಾರು 0.85 ವಾಲ್ಯೂಮ್. ಆದ್ದರಿಂದ 20 ಲೀಟರ್ ಪೇಲ್ ಏಲ್‌ಗೆ 2.4 ವಾಲ್ಯೂಮ್ ಬೇಕೆಂದರೆ, ಉಳಿದ ಒಂದೂವರೆ ವಾಲ್ಯೂಮಿಗಾಗಿ 120 ಗ್ರಾಂ ಆಸುಪಾಸಿನ ಸಕ್ಕರೆ ಸಾಕು. 330 ಮಿಲಿಲೀಟರಿನ ಒಂದು ಬಾಟಲಿಯ ಪಾಲಿಗೆ ಬರುವುದು ಬರೀ 2 ಗ್ರಾಂ. ಇದರಿಂದ ಮದ್ಯಾಂಶ ಹೆಚ್ಚುವುದು ಅರ್ಧ ಶೇಕಡಕ್ಕಿಂತ ಕಡಿಮೆ. ಇಲ್ಲಿ ಒಂದು ಸೂಕ್ಷ್ಮವಿದೆ. ತುಂಬುವ ಮುನ್ನ ಬಿಯರನ್ನು ತಿಳಿಯಾಗಿಸಲು ತಣ್ಣಗೆ ಇಟ್ಟಿದ್ದರೆ, ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ತಣ್ಣನೆಯ ಉಷ್ಣಾಂಶವನ್ನಲ್ಲ, ಹುದುಗುವಿಕೆ ಮುಗಿಯುವ ವೇಳೆಗೆ ಬಿಯರ್ ತಲುಪಿದ್ದ ಅತಿ ಹೆಚ್ಚಿನ ಉಷ್ಣಾಂಶವನ್ನು. ಏಕೆಂದರೆ ಆಗ ಹೊರಹೋದ ಅನಿಲ ಆಮೇಲೆ ತಣಿಸಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಪಾಕ ಮಾಡಿ, ಬೇರೆ ಪಾತ್ರೆಗೆ ಮೊದಲು ಅದನ್ನು ಸುರಿದು, ಅದರ ಮೇಲೆ ಬಿಯರನ್ನು ಕೊಳವೆಯಿಂದ ನಿಧಾನವಾಗಿ ಇಳಿಸುವುದು ಒಳ್ಳೆಯ ವಿಧಾನ. ಪಾಕ ಸಮನಾಗಿ ಬೆರೆಯದಿದ್ದರೆ ಒಂದು ಬಾಟಲಿ ಸಪ್ಪೆಯಾಗಿ, ಇನ್ನೊಂದು ಉಕ್ಕಿ ಹರಿಯುತ್ತದೆ. ಜರ್ಮನಿಯಲ್ಲಿ ಸಕ್ಕರೆಯ ಬದಲು ಹುದುಗದ ಮಾಲ್ಟ್ ರಸವನ್ನೋ, ಬಿರುಸಾಗಿ ಹುದುಗುತ್ತಿರುವ ಇನ್ನೊಂದು ಪಾತ್ರೆಯ ಬಿಯರನ್ನೋ ಬೆರೆಸುವ ಹಳೆಯ ಪದ್ಧತಿಯಿದೆ. ರುಚಿಯಲ್ಲಿ ಅದರಿಂದ ದೊಡ್ಡ ವ್ಯತ್ಯಾಸವಾಗುತ್ತದೆಂದು ನನಗೆ ಅನಿಸುವುದಿಲ್ಲ, ಲೆಕ್ಕವಂತೂ ಕಠಿಣವಾಗುತ್ತದೆ.

ಕಾಯುವ ಅವಧಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಒಂದಿದೆ: ಮೊದಲ ಹುದುಗುವಿಕೆ ಪೂರ್ತಿಯಾಗುವ ಮುನ್ನವೇ ಮುಚ್ಚಳ ಹಾಕುವುದು. ಬಿಯರಿನ ಸಾಂದ್ರತೆಯನ್ನು, ನೀರಿನದು 1.000 ಎಂದಿಟ್ಟುಕೊಂಡು, ದ್ರವದಲ್ಲಿ ತೇಲಿಬಿಡುವ ಹೈಡ್ರೋಮೀಟರಿನಿಂದ ಅಳೆಯುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮುಗಿಸಿದಂತೆ ಅಂಕಿ ಇಳಿಯುತ್ತದೆ. ಕೊನೆಗೆ 1.010ಕ್ಕೆ ಬಂದು ನಿಲ್ಲಬೇಕಾದ ಬಿಯರನ್ನು 1.014ರಲ್ಲಿ ಇರುವಾಗಲೇ ತುಂಬಿದರು ಎಂದುಕೊಳ್ಳೋಣ. ಸಾಂದ್ರತೆಯ ಪ್ರತಿ 0.001 ಇಳಿಕೆಯೂ ಬಾಟಲಿಯೊಳಗೆ ಸುಮಾರು ಅರ್ಧ ವಾಲ್ಯೂಮ್ ಅನಿಲವನ್ನು ಸೇರಿಸುತ್ತದೆ. ಆ ನಾಲ್ಕು ಅಂಕಗಳಿಂದ ಎರಡು ವಾಲ್ಯೂಮ್ ಹೆಚ್ಚಿ, 2.4 ಎಂದು ಎಣಿಸಿದ್ದು 4.4ಕ್ಕೆ ಏರುತ್ತದೆ. 20 ಡಿಗ್ರಿಯಲ್ಲಿ ಮೊದಲಿನದರ ಒತ್ತಡ ಹೊರಗಿನ ಗಾಳಿಗಿಂತ ಎರಡು ವಾತಾವರಣದಷ್ಟೂ ಹೆಚ್ಚಿರುವುದಿಲ್ಲ. ಎರಡನೆಯದರದು ನಾಲ್ಕನ್ನು ಮೀರುತ್ತದೆ. ಸಾಮಾನ್ಯ ಬಿಯರ್ ಬಾಟಲಿಯ ಗಾಜು ಇದನ್ನು ತಾಳಿಕೊಳ್ಳುತ್ತದೆಂಬ ಭರವಸೆಯಿಲ್ಲ. ಒಡೆದರೆ ಚೂರುಗಳು ಕೋಣೆಯ ತುಂಬ ಸಿಡಿಯುತ್ತವೆ, ಕಣ್ಣಿಗೆ ಅಪಾಯ. ಹುದುಗುವ ಪಾತ್ರೆಯಿಂದ ಅನಿಲವನ್ನು ಹೊರಬಿಡುವ ಗಾಳಿಕೊಳವೆಯಲ್ಲಿ ಗುಳ್ಳೆ ನಿಂತಿತು ಎಂಬುದನ್ನು ಪುರಾವೆಯಾಗಿ ಹಿಡಿಯಬಾರದು. ಎರಡು ಮೂರು ದಿನಗಳ ಅಂತರದಲ್ಲಿ ತೆಗೆದ ಅಳತೆಗಳು ಒಂದೇ ಆಗಿದ್ದು, ಆ ಅಂಕಿ ಬಳಸಿದ ಯೀಸ್ಟಿನ ಸ್ವಭಾವಕ್ಕೆ ತಕ್ಕಷ್ಟು ಕೆಳಗೆ ಬಂದಿರಬೇಕು. ಚಳಿಗೆ ಸಿಕ್ಕಿ ಅರ್ಧದಲ್ಲೇ ನಿಂತ ಯೀಸ್ಟ್ ಕೂಡ ಒಂದೇ ಅಂಕಿಯನ್ನು ತೋರಿಸುತ್ತದೆಂಬುದನ್ನು ಮರೆಯಬಾರದು. ಹಾಗೆ ನಿಂತದ್ದು ಬೆಚ್ಚನೆಯ ಕೋಣೆಯಲ್ಲಿ ಬಾಟಲಿಯೊಳಗೆ ಮತ್ತೆ ಎದ್ದೇಳುತ್ತದೆ. ಗಾಜಿನ ವಿಷಯದಲ್ಲಿಯೂ ಜಿಪುಣತನ ಸಲ್ಲದು: ತಿರುಗಿಸಿ ತೆಗೆಯುವ ಮುಚ್ಚಳದ ತೆಳು ಬಾಟಲಿಗಳನ್ನು ಬಿಟ್ಟು, ಒತ್ತಿ ಕೂರಿಸುವ ಲೋಹದ ಕ್ರೌನ್ ಮುಚ್ಚಳಕ್ಕೆಂದೇ ಇರುವ ಗಟ್ಟಿ ಬಾಟಲಿಗಳನ್ನು ಬಳಸಬೇಕು; ಹೆಚ್ಚು ಅನಿಲದ ಬಿಯರಿಗೆ ಇನ್ನೂ ದಪ್ಪ ಗಾಜು ಬೇಕು.

ಇನ್ನು ಕಾಲದ ವಿಷಯ. ಸಕ್ಕರೆ ಅನಿಲವಾಗುವ ವೇಗವನ್ನು ಮುಖ್ಯವಾಗಿ ಉಷ್ಣಾಂಶ ನಿರ್ಧರಿಸುತ್ತದೆ. ಬೇಸಿಗೆಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಉಬ್ಬುವ ದೋಸೆಹಿಟ್ಟು ಮಲೆನಾಡಿನ ಚಳಿಗಾಲದಲ್ಲಿ ಮರುದಿನ ಮಧ್ಯಾಹ್ನದವರೆಗೂ ಸುಮ್ಮನಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಲ್ ಯೀಸ್ಟಿಗೆ 18ರಿಂದ 24 ಡಿಗ್ರಿ ಹಿತವಾದದ್ದು. ಅಲ್ಲಿ ಸಕ್ಕರೆಯ ಬಹುಭಾಗ ಮೊದಲ ವಾರದಲ್ಲೇ ಮುಗಿದುಬಿಡುತ್ತದೆ. ಚಿಕಾಗೋ ಅಥವಾ ಟೊರಾಂಟೊದಂಥ ಊರಿನಲ್ಲಿ ಜನವರಿಯಲ್ಲಿ ನೆಲಮಾಳಿಗೆಯಲ್ಲಿಟ್ಟ ಬಾಟಲಿಗಳು 12 ಡಿಗ್ರಿಯಲ್ಲಿ ವಾರಗಟ್ಟಲೆ ಸಪ್ಪೆಯಾಗಿಯೇ ಉಳಿಯಬಹುದು. ಅಲ್ಲಿ ತಪ್ಪಿರುವುದು ಬಿಯರಿನಲ್ಲಲ್ಲ, ಇಟ್ಟ ಜಾಗದಲ್ಲಿ. ಅವನ್ನು ಬೆಚ್ಚನೆಯ ಕೋಣೆಗೆ ತಂದಿಟ್ಟರೆ ಕೆಲಸ ಮುಂದುವರಿಯುತ್ತದೆ. ಹಾಗೆಂದು 30 ಡಿಗ್ರಿಗೆ ಏರಿಸಿ ಅವಸರಪಡಿಸುವುದು ಒಳ್ಳೆಯದಲ್ಲ: ಬಿಸಿ ಹೆಚ್ಚಿದಂತೆ ಬಿಯರ್ ಹಳಸುವ ವೇಗವೂ ಹೆಚ್ಚುತ್ತದೆ, ಒಳಗಿನ ಒತ್ತಡವೂ ಏರುತ್ತದೆ.

ಸಕ್ಕರೆ ಮುಗಿದ ದಿನವೇ ಬಿಯರ್ ಸಿದ್ಧವಾಗುವುದಿಲ್ಲ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿನ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆಂದು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟರು. ಉಷ್ಣಾಂಶ ಇಳಿದಂತೆ ಕರಗುವ ಪ್ರಮಾಣ ಹೆಚ್ಚುತ್ತದೆ. ಬಾಟಲಿಯ ಕತ್ತಿನ ಖಾಲಿ ಜಾಗಕ್ಕೂ ಬಿಯರಿಗೂ ನಡುವೆ ಅನಿಲ ಹಂಚಿಕೊಂಡು ಸಮಸ್ಥಿತಿಗೆ ಬರಲು, ಅಲುಗಾಡದ ಬಾಟಲಿಯಲ್ಲಿ, ಸಮಯ ಬೇಕು. 2.4 ವಾಲ್ಯೂಮಿನ ಬಿಯರ್ 20 ಡಿಗ್ರಿಯಲ್ಲಿ ತೋರುವ ಒತ್ತಡ ಫ್ರಿಜ್ಜಿನ 4 ಡಿಗ್ರಿಯಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದಲೇ ಬೆಚ್ಚಗಿರುವಾಗ ತೆರೆದ ಬಾಟಲಿ ರಭಸದಿಂದ ನೊರೆಯುಗುಳಿ, ಲೋಟಕ್ಕೆ ಬಂದ ಮೇಲೆ ಸಪ್ಪೆಯೆನಿಸುತ್ತದೆ. ಅದೇ ದಿನದ ಇನ್ನೊಂದು ಬಾಟಲಿಯನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು ತೆರೆದರೆ ಸಣ್ಣ ಗುಳ್ಳೆಗಳು ಲೋಟದಲ್ಲಿ ಬಹಳ ಹೊತ್ತು ಏಳುತ್ತಿರುತ್ತವೆ. ಬಿಯರ್ ಇನ್ನೂ ಆಗಿಲ್ಲ ಎಂದು ದೂರುವವರಲ್ಲಿ ಹಲವರಿಗೆ ಬೇಕಾಗಿರುವುದು ಈ ಎರಡು ದಿನದ ತಂಪು ಮಾತ್ರ. ಲೋಟದ ಮೇಲೆ ನಿಲ್ಲುವ ನೊರೆಯ ಗಟ್ಟಿತನಕ್ಕೆ ಮಾಲ್ಟಿನ ಪ್ರೋಟೀನು ಮತ್ತು ಹಾಪ್ಸಿನ ಕಹಿ ಅಂಶಗಳು ಕಾರಣ. ಅವು ಕುದಿಸುವ ದಿನವೇ ತೀರ್ಮಾನವಾಗಿರುತ್ತವೆ, ಕಾಯುವುದರಿಂದ ಹೊಸದಾಗಿ ಬರುವುದಿಲ್ಲ.

ರುಚಿಯ ಮಾಗುವಿಕೆ ಇದಕ್ಕಿಂತಲೂ ನಿಧಾನವಾದ ಕೆಲಸ. ನನ್ನ ದೃಷ್ಟಿಯಲ್ಲಿ ಕಾಯುವುದಕ್ಕೆ ನಿಜವಾದ ಕಾರಣವೂ ಅದೇ. ಅನಿಲ ಮಾತ್ರ ಬೇಕಿದ್ದರೆ ಯಂತ್ರದಿಂದಲೂ ತುಂಬಬಹುದು. ಎಳೆಯ ಬಿಯರಿನಲ್ಲಿ ಹಸಿ ಸೇಬಿನ ವಾಸನೆ ಬರುವುದುಂಟು: ಅದು ಅಸಿಟಾಲ್ಡಿಹೈಡ್ ಎಂಬ ವಸ್ತುವಿನದು. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುವ ಹಾದಿಯ ಕೊನೆಯ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಹಿಂದೆ ಅದು ಹುಟ್ಟುತ್ತದೆ. ಸಮಯ ಕೊಟ್ಟರೆ ಯೀಸ್ಟೇ ಅದನ್ನು ಮದ್ಯಸಾರವಾಗಿ ಬದಲಿಸುತ್ತದೆ. ಬೆಣ್ಣೆಯ ವಾಸನೆಯ ಡೈಅಸಿಟೈಲ್‌ನ ಕಥೆ ಇನ್ನಷ್ಟು ಸುತ್ತಿನದು. ಯೀಸ್ಟ್ ಬೆಳೆಯುವಾಗ ಅದರ ಪೂರ್ವರೂಪವೊಂದನ್ನು ಹೊರಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ. ಅದು ಬಿಯರಿನಲ್ಲಿ ತಾನಾಗಿಯೇ ಬದಲಾಗಿ ಡೈಅಸಿಟೈಲ್ ಆಗುತ್ತದೆ. ಆಮೇಲೆ ಯೀಸ್ಟ್ ಅದನ್ನು ಒಳಗೆಳೆದುಕೊಂಡು ವಾಸನೆಯಿಲ್ಲದ ವಸ್ತುಗಳಾಗಿ ಮಾರ್ಪಡಿಸುತ್ತದೆ. ಈ ಸರಣಿಯಲ್ಲಿ ನಿಧಾನವಾದದ್ದು ನಡುವಿನ ಹೆಜ್ಜೆ; ಅದನ್ನೂ ಉಷ್ಣಾಂಶವೇ ಆಳುತ್ತದೆ. ಹೀಗಾಗಿ ಅನಿಲ ಬಂದ ತಕ್ಷಣ ಎಲ್ಲ ಬಾಟಲಿಗಳನ್ನೂ ಫ್ರಿಜ್ಜಿಗೆ ಸೇರಿಸಿದರೆ, ರುಚಿಯನ್ನು ಸರಿಪಡಿಸುತ್ತಿದ್ದ ಯೀಸ್ಟನ್ನು ಕೆಲಸದ ನಡುವೆಯೇ ಮಲಗಿಸಿದಂತಾಗುತ್ತದೆ. ಎರಡನೆಯ ಮತ್ತು ಮೂರನೆಯ ವಾರದ ಬೆಚ್ಚಗಿನ ಕಾಯುವಿಕೆಯ ಅರ್ಥ ಇದು.

ಇದೇ ಯೀಸ್ಟಿನಿಂದ ಇನ್ನೊಂದು ಉಪಕಾರವೂ ಇದೆ. ತುಂಬುವಾಗ ಬಿಯರಿನೊಳಗೆ ಸೇರುವ, ಕತ್ತಿನ ಖಾಲಿ ಜಾಗದಲ್ಲಿ ಉಳಿಯುವ ಆಮ್ಲಜನಕ ಬಿಯರಿನ ಶತ್ರು. ಅದು ಕಾಲಕ್ರಮದಲ್ಲಿ ಒದ್ದೆ ರಟ್ಟಿನಂಥ ವಾಸನೆಯನ್ನು ತರುತ್ತದೆ. ಎರಡನೆಯ ಬಾರಿ ಹುದುಗುವ ಯೀಸ್ಟ್ ಅದರ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಆದರೆ ಇದನ್ನು ನಂಬಿ ಬಿಯರನ್ನು ಎತ್ತರದಿಂದ ಸುರಿದು ತುಂಬಬಾರದು. ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ಕೆಳಗಿನಿಂದ ಮೇಲಕ್ಕೆ ತುಂಬಿ, ಮೇಲೆ ಎರಡೂವರೆ ಸೆಂಟಿಮೀಟರಿನಷ್ಟು ಜಾಗ ಬಿಟ್ಟು ಕೂಡಲೇ ಮುಚ್ಚಬೇಕು. ಬೆಳಕನ್ನೂ ದೂರವಿಡಬೇಕು: ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ದುರ್ವಾಸನೆಯ ವಸ್ತುವಾಗುತ್ತದೆ, ಅದಕ್ಕೆ ಕಂದು ಗಾಜು ತಕ್ಕಮಟ್ಟಿಗೆ ತಡೆ, ಹಸಿರು ಮತ್ತು ಬಿಳಿ ಗಾಜು ತಡೆಯಲ್ಲ.

ಬಿಯರ್ ತಿಳಿಯಾಗುವುದು ಕೊನೆಯ ಕೆಲಸ. ಆಹಾರ ಮುಗಿದ ಯೀಸ್ಟ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ. ಕೆಲವು ಇಂಗ್ಲಿಷ್ ತಳಿಗಳು ಬೇಗನೆ ಗಟ್ಟಿಯಾಗಿ ಕುಳಿತುಬಿಡುತ್ತವೆ. ಗೋಧಿ ಬಿಯರಿನ ತಳಿಗಳು ಇಳಿಯಲು ಒಪ್ಪುವುದೇ ಇಲ್ಲ, ಜರ್ಮನಿಯಲ್ಲಿ ಆ ಬಿಯರನ್ನು ಗಸಿಯನ್ನು ಕದಡಿ ಸುರಿಯುವುದೇ ಕ್ರಮ. ಉಳಿದವುಗಳಲ್ಲಿ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಟ್ಟು, ಒಂದೇ ಓಟದಲ್ಲಿ ನಿಧಾನವಾಗಿ ಬಗ್ಗಿಸಿ, ಕೊನೆಯ ಬೆರಳಗಲದಷ್ಟನ್ನು ಬಾಟಲಿಯಲ್ಲೇ ಬಿಡಬೇಕು. ಆ ಗಸಿ ತಿಂದರೆ ಕೇಡಿಲ್ಲ, ರುಚಿ ಮಾತ್ರ ಒರಟು.

ಎಲ್ಲ ಬಿಯರಿಗೂ ಹೆಚ್ಚು ಕಾಲ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಹಾಪ್ಸಿನ ಪರಿಮಳವೇ ಪ್ರಧಾನವಾದ ಬಿಯರುಗಳಲ್ಲಿ ಆ ಪರಿಮಳ ದಿನದಿನಕ್ಕೂ ಕುಂದುತ್ತದೆ. ಅವನ್ನು ಮೂರು ವಾರ ಆದ ಕೂಡಲೇ ತಣ್ಣಗೆ ಇಟ್ಟು ಬೇಗ ಕುಡಿದು ಮುಗಿಸುವುದು ಲೇಸು. ಮದ್ಯಾಂಶ ಶೇ 9–10 ದಾಟಿದ ಬಾರ್ಲಿ ವೈನ್‌ನಂಥ ಬಿಯರುಗಳ ಕಥೆ ಬೇರೆ. ಅಲ್ಲಿ ದಣಿದ ಯೀಸ್ಟಿಗೆ ಮದ್ಯಸಾರವೇ ವಿಷವಾಗಿರುವುದರಿಂದ ಅನಿಲ ಬರಲು ತಿಂಗಳುಗಳೇ ಹಿಡಿಯಬಹುದು. ತುಂಬುವಾಗ ತಾಜಾ ಯೀಸ್ಟ್ ಸೇರಿಸುವುದು ವಿವೇಕ. ಇಂಗ್ಲೆಂಡಿನ ಫುಲ್ಲರ್ಸ್ ಸಂಸ್ಥೆ 1997ರಿಂದ ಹೊರತರುತ್ತಿರುವ ವಿಂಟೇಜ್ ಏಲ್‌ನಂಥ ಬಿಯರುಗಳನ್ನು ಜನ ವರ್ಷಗಟ್ಟಲೆ ಕೂಡಿಟ್ಟು ಸವಿಯುತ್ತಾರೆ. ಬೆಲ್ಜಿಯಂನ ಓರ್ವಾಲ್ ಮಠದ ಬಿಯರಿನಲ್ಲಿ ತುಂಬುವ ವೇಳೆ ಬ್ರೆಟ್ಟನೊಮೈಸಿಸ್ ಎಂಬ ಬೇರೆಯದೇ ಯೀಸ್ಟ್ ಸೇರಿರುತ್ತದೆ. ಡೆನ್ಮಾರ್ಕಿನ ಬಿಯರ್ ಸಂಸ್ಥೆ ಕಾರ್ಲ್ಸ್‌ಬರ್ಗ್‌ನ ವಿಜ್ಞಾನಿ ಕ್ಲಾಸೆನ್ 1904ರಲ್ಲಿ ಇಂಗ್ಲೆಂಡಿನ ಬಿಯರಿನಲ್ಲಿ ಗುರುತಿಸಿದ ಕುಲ ಅದು. ಸಾಮಾನ್ಯ ಯೀಸ್ಟಿಗೆ ದಕ್ಕದ ದೊಡ್ಡ ಸಕ್ಕರೆ ಸರಪಣಿಗಳನ್ನೂ ಅದು ನಿಧಾನವಾಗಿ ತಿನ್ನುವುದರಿಂದ ಆರು ತಿಂಗಳ ಓರ್ವಾಲ್ ಮತ್ತು ಹೊಸ ಓರ್ವಾಲ್ ಎರಡು ಬಿಯರುಗಳೇ ಎನ್ನುವಷ್ಟು ಬೇರೆಯಾಗಿರುತ್ತವೆ. ಓರ್ವಾಲ್‌ನವರು ಇದನ್ನು ತಿಳಿದೇ ಮಾಡುತ್ತಾರೆ, ಗಾಜನ್ನೂ ಅದಕ್ಕೆ ತಕ್ಕಂತೆ ಆರಿಸಿದ್ದಾರೆ. ಅದೇ ಜೀವಿ ಸರಿಯಾಗಿ ತೊಳೆಯದ ಕೊಳವೆಯ ಮೂಲಕ ಮನೆಯ ಬಿಯರಿಗೆ ಹೊಕ್ಕರೆ, ಒಂದು ತಿಂಗಳಲ್ಲಿ ಚೆನ್ನಾಗಿದ್ದ ಬಾಟಲಿಗಳು ನಾಲ್ಕನೆಯ ತಿಂಗಳಲ್ಲಿ ಕಾರಂಜಿಯಾಗುತ್ತವೆ. ಬೆಲ್ಜಿಯಂನ ಸೇಸಾನ್ ಬಗೆಗೆ ಬಳಸುವ ಕೆಲವು ಯೀಸ್ಟ್ ತಳಿಗಳಿಗೂ ಈ ಸರಪಣಿಗಳನ್ನು ಕಡಿಯುವ ಶಕ್ತಿಯಿದೆ. ಅವುಗಳ ಬಿಯರನ್ನು ಸಾಂದ್ರತೆ 1.005ಕ್ಕಿಂತ ಕೆಳಗಿಳಿದು ನಿಲ್ಲುವವರೆಗೂ ತುಂಬದಿರುವುದು ಕ್ಷೇಮ.

ಒಳಗೆ ಏನಾಗುತ್ತಿದೆ ಎಂದು ಗಾಜಿನ ಬಾಟಲಿಯನ್ನು ತೆರೆಯದೆ ತಿಳಿಯುವುದು ಕಷ್ಟ. ಅದಕ್ಕೆ ಸರಳ ಉಪಾಯವೆಂದರೆ ತುಂಬುವಾಗ ಒಂದು ಪಾಲನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಗಾಳಿಯನ್ನು ಹಿಂಡಿ ತೆಗೆದು ಮುಚ್ಚುವುದು. ಮೊದಲು ಮೆತ್ತಗಿರುವ ಅದು ದಿನ ಕಳೆದಂತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಂದೇ ಸಮನಾಗಿ ಬೆರೆಸಿದ್ದರೆ ಉಳಿದ ಬಾಟಲಿಗಳಲ್ಲಿಯೂ ಅಷ್ಟೇ ಆಗಿದೆ ಎಂದರ್ಥ. ಒಂದನೆಯ, ಎರಡನೆಯ, ಮೂರನೆಯ ವಾರದ ಕೊನೆಗೆ ಒಂದೊಂದು ಬಾಟಲಿಯನ್ನು ತಣಿಸಿ ರುಚಿ ನೋಡುವುದನ್ನು ನಾನು ವ್ಯರ್ಥವೆನ್ನುವುದಿಲ್ಲ. ಹಸಿ ಸೇಬಿನ ವಾಸನೆ ಯಾವ ವಾರ ಮರೆಯಾಯಿತು ಎಂಬುದನ್ನು ತನ್ನ ನಾಲಿಗೆಯಿಂದಲೇ ಅರಿತವರಿಗೆ ಮುಂದಿನ ಬಾರಿ ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ.

ಬೆಚ್ಚನೆಯ ಜಾಗದಲ್ಲಿ ನಾಲ್ಕು ವಾರ ಕಳೆದರೂ ಅನಿಲ ಬಾರದಿದ್ದರೆ ಮೊದಲು ರುಚಿ ನೋಡಬೇಕು. ನಾಲಿಗೆಗೆ ಸಿಹಿ ತಾಗಿದರೆ ಸಕ್ಕರೆ ಉಳಿದಿದೆ, ಯೀಸ್ಟ್ ಮಲಗಿದೆ: ಬಾಟಲಿಗಳನ್ನು ಒಮ್ಮೆ ನಿಧಾನವಾಗಿ ತಲೆಕೆಳಗು ಮಾಡಿ ಗಸಿಯನ್ನು ಎಬ್ಬಿಸಿ 22 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಪ್ರತಿ ಬಾಟಲಿಗೆ ಒಣ ಯೀಸ್ಟಿನ ಕೆಲವು ಕಾಳು ಹಾಕಿ ಮತ್ತೆ ಮುಚ್ಚಬಹುದು. ಸಿಹಿಯೂ ಇಲ್ಲ, ಗುಳ್ಳೆಯೂ ಇಲ್ಲ ಎಂದಾದರೆ ಅನಿಲ ಹುಟ್ಟಿ ಸೋರಿಹೋಗಿದೆ ಅಥವಾ ಆ ಬಾಟಲಿಗೆ ಸಕ್ಕರೆಯೇ ತಲುಪಿಲ್ಲ. ಆಗ ಮುಚ್ಚಳ ಒತ್ತುವ ಸಾಧನವನ್ನೂ ಪಾಕ ಬೆರೆಸಿದ ರೀತಿಯನ್ನೂ ಪರೀಕ್ಷಿಸಬೇಕು. ಇದಕ್ಕೆ ವಿರುದ್ಧವಾಗಿ ತೆರೆದ ಬಾಟಲಿ ಉಕ್ಕಿ ಹರಿದರೆ ಉಳಿದವನ್ನು ಬರಿಗೈಯಲ್ಲಿ ಮುಟ್ಟಬಾರದು. ಕಣ್ಣಿಗೆ ರಕ್ಷಣೆ, ಕೈಗೆ ದಪ್ಪ ಗವಸು ಹಾಕಿಕೊಂಡು, ದಪ್ಪ ಬಟ್ಟೆ ಹೊದಿಸಿ ಅವನ್ನು ಫ್ರಿಜ್ಜಿಗೆ ಸೇರಿಸಿ, ಪೂರ್ತಿ ತಣಿದ ಮೇಲೆ ಒಂದೊಂದರ ಮುಚ್ಚಳವನ್ನು ಸ್ವಲ್ಪವೇ ಎತ್ತಿ ಅನಿಲವನ್ನು ಹೊರಬಿಟ್ಟು, ಹೊಸ ಮುಚ್ಚಳ ಹಾಕಿ ತಂಪಿನಲ್ಲೇ ಇಟ್ಟುಕೊಳ್ಳಬೇಕು.